ಎತ್ತಿದ ಕೈ, ಲೆಕ್ಕಕ್ಕಿಲ್ಲದ ಮತ

‘ಒನ್ ಫ್ಲೂ ಓವರ್ ದಿ ಕುಕೂಸ್ ನೆಸ್ಟ್’ ಚಿತ್ರವನ್ನು ಹರೆಯದಲ್ಲಿ ಮೊದಲ ಸಲ ನೋಡಿದಾಗ ನನ್ನ ಕಣ್ಣೆಲ್ಲ ಜಾಕ್ ನಿಕಲ್ಸನ್ ಮೇಲೆಯೇ ಇತ್ತು. ಜೈಲಿನ ದುಡಿಮೆ ತಪ್ಪಿಸಿಕೊಳ್ಳಲು ಹುಚ್ಚನಂತೆ ನಟಿಸಿ ಮಾನಸಿಕ ಆಸ್ಪತ್ರೆ ಸೇರುವ ಮೆಕ್‌ಮರ್ಫಿಯ ಪುಂಡಾಟಕ್ಕೆ ಮನಸೋತಿದ್ದೆ. ಈ ವಾರ ಮತ್ತೆ ನೋಡಿದೆ. ಈ ಸಲ ನನ್ನನ್ನು ಹಿಡಿದು ಕೂರಿಸಿದವಳು ನರ್ಸ್ ರಾಚೆಡ್.

ಲೂಯಿಸ್ ಫ್ಲೆಚರ್ ನಟಿಸಿರುವ ಈ ನರ್ಸ್ ದನಿ ಏರಿಸುವುದು ಅಪರೂಪ. ಮುಖದಲ್ಲಿ ಸಿಟ್ಟಿಲ್ಲ, ಮಾತಿನಲ್ಲಿ ಒರಟುತನವಿಲ್ಲ. ಎಲ್ಲವೂ ರೋಗಿಗಳ ಒಳ್ಳೆಯದಕ್ಕೇ ಎಂದು ಆಕೆ ಮನಸಾರೆ ನಂಬಿದ್ದಾಳೆ. ಹಾಗಾಗಿಯೇ ಆಕೆ ಭಯ ಹುಟ್ಟಿಸುತ್ತಾಳೆ.

ಬೇಸ್‌ಬಾಲ್ ಪಂದ್ಯ ನೋಡಲು ಟಿ.ವಿ. ಹಾಕಬೇಕೆಂದು ಮೆಕ್‌ಮರ್ಫಿ ಮತಕ್ಕೆ ಹಾಕುವ ದೃಶ್ಯವನ್ನೇ ನೋಡಿ. ಸಭೆಯಲ್ಲಿ ಕೂತ ಒಂಬತ್ತೂ ಜನ ಕೈ ಎತ್ತುತ್ತಾರೆ. ಆಗ ರಾಚೆಡ್, ವಾರ್ಡಿನಲ್ಲಿರುವುದು 18 ಜನ, ಬಹುಮತ ಬೇಕು ಎನ್ನುತ್ತಾಳೆ. ಉಳಿದವರಿಗೆ ಲೋಕದ ಪರಿವೆಯೇ ಇಲ್ಲ. ಮೆಕ್‌ಮರ್ಫಿ ಒಬ್ಬೊಬ್ಬರ ಮುಂದೆಯೂ ನಿಂತು ಅಂಗಲಾಚುತ್ತಾನೆ. ಕೊನೆಗೆ, ಕಿವುಡ ಮೂಗನೆಂದು ಎಲ್ಲರೂ ನಂಬಿದ್ದ ಚೀಫ್ ಬ್ರಾಮ್ಡನ್ ನಿಧಾನವಾಗಿ ಕೈ ಎತ್ತುತ್ತಾನೆ. ಅಷ್ಟರಲ್ಲಿ ಸಭೆ ಮುಗಿದಿದೆಯಂತೆ! ಮೆಕ್‌ಮರ್ಫಿ ಕಪ್ಪಾದ ಟಿ.ವಿ. ಪರದೆಯ ಮುಂದೆ ಕೂತು, ಇಲ್ಲದ ಪಂದ್ಯದ ವೀಕ್ಷಕ ವಿವರಣೆ ಶುರುಮಾಡುತ್ತಾನೆ. ರೋಗಿಗಳೆಲ್ಲ ಸುತ್ತ ನೆರೆದು ಕೇಕೆ ಹಾಕುತ್ತಾರೆ. ನಾನು ಕಂಡ ಚಿತ್ರಗಳಲ್ಲಿ ಬಂಡಾಯದ ಇಷ್ಟು ಸಂತೋಷದ ಗಳಿಗೆ ಇನ್ನೊಂದಿಲ್ಲ.

ನಿರ್ದೇಶಕ ಮಿಲೋಸ್ ಫೋರ್ಮನ್‌ಗೆ ಅಧಿಕಾರದ ದಬ್ಬಾಳಿಕೆ ಹೊಸದಾಗಿರಲಿಲ್ಲ. ಜೆಕೊಸ್ಲೊವಾಕಿಯಾದ ಇವರ ತಾಯಿ ಮತ್ತು ಇವರು ತಂದೆಯೆಂದು ತಿಳಿದು ಬೆಳೆದ ವ್ಯಕ್ತಿ, ಇಬ್ಬರೂ ನಾಜಿ ಶಿಬಿರಗಳಲ್ಲಿ ಸತ್ತರು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್ ಹೊಕ್ಕ ಮೇಲೆ ಅವರು ಅಮೆರಿಕಕ್ಕೆ ಹೋಗಿ ನೆಲೆಸಿದರು. ಕೆನ್ ಕೀಸಿಯ 1962ರ ಕಾದಂಬರಿಯಲ್ಲಿ ಕಥೆ ಹೇಳುವವನು ಚೀಫ್. ಫೋರ್ಮನ್ ಆ ನಿರೂಪಣೆ ಬಿಟ್ಟು, ಒರೆಗಾನ್ ರಾಜ್ಯದ ಸೇಲಂನ ನಿಜವಾದ ಆಸ್ಪತ್ರೆಯೊಳಗೇ ಕ್ಯಾಮೆರಾ ಇಟ್ಟರು. ಚಿತ್ರದಲ್ಲಿ ವೈದ್ಯರಾಗಿ ನಟಿಸಿದವರು ಅದೇ ಆಸ್ಪತ್ರೆಯ ಮುಖ್ಯಸ್ಥ ಡೀನ್ ಬ್ರೂಕ್ಸ್.

ಒಂದು ಮಾತು ಹೇಳಲೇಬೇಕು. ಚಿತ್ರದಲ್ಲಿ ಅರಿವಳಿಕೆಯಿಲ್ಲದೆ ಕೊಡುವ ವಿದ್ಯುತ್ ಚಿಕಿತ್ಸೆಯನ್ನು ಕಂಡ ಅನೇಕರು ಇಂದಿಗೂ ಆ ಚಿಕಿತ್ಸೆಗೆ ಹೆದರುತ್ತಾರೆ. ಇಂದು ಅದನ್ನು ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ಅರಿವಳಿಕೆಯಿಲ್ಲದ ಪದ್ಧತಿಯನ್ನು ನಿಷೇಧಿಸಿದೆ. ತೀವ್ರ ಖಿನ್ನತೆಯಿಂದ ನರಳುವ ಹಲವರಿಗೆ ಈ ಚಿಕಿತ್ಸೆಯಿಂದ ಗುಣವಾಗಿದೆ. ಆಸ್ಪತ್ರೆಯನ್ನೇ ದೂರುವ ಚಿತ್ರವೆಂದು ಇದನ್ನು ನೋಡಬೇಡಿ.

ಮೆಕ್‌ಮರ್ಫಿಯನ್ನು ದಂಗುಬಡಿಸುವುದು ಬೇರೊಂದು ಸಂಗತಿ. ಅವನನ್ನು ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳುವ ಹಕ್ಕು ಆಸ್ಪತ್ರೆಗಿದೆ. ಆದರೆ ಜೊತೆಯವರಲ್ಲಿ ಹೆಚ್ಚಿನವರು ತಾವಾಗಿಯೇ ಬಂದು ಸೇರಿದವರು, ಬೇಕೆಂದಾಗ ಎದ್ದು ಹೋಗಬಹುದಾದವರು! ತಾಯಿಗೆ ತಿಳಿಸುತ್ತೇನೆಂಬ ರಾಚೆಡ್‌ಳ ಒಂದು ಮಾತಿಗೆ ಕುಸಿದುಬೀಳುವ ತೊದಲು ಹುಡುಗ ಬಿಲ್ಲಿಯೂ ಅವರಲ್ಲೊಬ್ಬ. ಬ್ರಾಡ್ ಡೌರಿಫ್ ಅಭಿನಯಿಸಿದ ಆ ಕೆಲವು ನಿಮಿಷಗಳನ್ನು ನೋಡುವಾಗ ನನಗೆ ಇಂದಿಗೂ ಉಸಿರು ಕಟ್ಟುತ್ತದೆ.

ಚಿತ್ರ, ನಿರ್ದೇಶನ, ಚಿತ್ರಕಥೆ, ನಟ, ನಟಿ: ಐದು ದೊಡ್ಡ ಆಸ್ಕರ್‌ಗಳೂ ಇದಕ್ಕೇ ಬಂದವು. 1976ರ ಆ ಸಮಾರಂಭದಲ್ಲಿ ಫ್ಲೆಚರ್, ಕಿವಿ ಕೇಳಿಸದ ತಮ್ಮ ತಂದೆತಾಯಿಗೆ ಕೈಸನ್ನೆಯಲ್ಲಿ ಕೃತಜ್ಞತೆ ಹೇಳಿದರು.