ಗಣಿತಶಿಕ್ಷಣದ ಸಂಶೋಧನೆಯೂ ನಮ್ಮ ಕಾಲೇಜುಗಳೂ

ಲೆಕ್ಕವೆಂದರೆ ನಮ್ಮ ಹುಡುಗರು ಅಂಜುತ್ತಾರೆಂಬ ಮಾತನ್ನು ಸಾಲೆಯ ಮಾಸ್ತರರಿಂದ ಹಿಡಿದು ಅಧಿಕಾರಿಗಳವರೆಗೆ ಎಲ್ಲರೂ ಆಡುತ್ತಾರೆ. ಏಕೆ ಅಂಜುತ್ತಾರೆಂಬುದನ್ನು ಶೋಧಿಸಿ ನೋಡುವವರು ಮಾತ್ರ ವಿರಳ. 2024ರ ‘ಅಸರ್’ ವರದಿಯ ಮೇರೆಗೆ, ದೇಶದ ಹಳ್ಳಿಗಳಲ್ಲಿ ಐದನೆಯ ಇಯತ್ತೆಯ ನೂರು ಮಕ್ಕಳ ಪೈಕಿ ಸುಮಾರು 31 ಮಕ್ಕಳಿಗಷ್ಟೇ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬರುತ್ತದೆ. ಉಳಿದವರೆಲ್ಲ ದಡ್ಡರೆಂದು ಹೇಳಿ ಕೈತೊಳೆದುಕೊಳ್ಳೋಣವೇ?

ಹಾಗೆ ಹೇಳಲಾಗದೆಂಬುದಕ್ಕೆ ಪ್ರಮಾಣವಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದವರು ಕೊಲ್ಕತ್ತಾ, ದಿಲ್ಲಿಗಳ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವ್ಯಾಪಾರದ ತೊಡಕಿನ ಲೆಕ್ಕವನ್ನು ಬಾಯಿಯಲ್ಲೇ ಮಾಡುವ ಆ ಮಕ್ಕಳು, ಅಷ್ಟೇ ಸುಲಭವಾದ ಲೆಕ್ಕವನ್ನು ಸಾಲೆಯ ರೀತಿಯಲ್ಲಿ ಕೊಟ್ಟಾಗ ಸೋತರು. ಸಮೀಪದ ಸಾಲೆಗಳ ಮಕ್ಕಳಾದರೋ ಸರಳವಾದ ಬರೆಹದ ಲೆಕ್ಕಗಳಲ್ಲಿ ಮೇಲಾದರೂ ಪೇಟೆಯ ಲೆಕ್ಕದಲ್ಲಿ ಹಿಂದೆ ಬಿದ್ದರು.

ಇಂಥ ಪ್ರಶ್ನೆಗಳು ನಮ್ಮ ಅಂಗಳದಲ್ಲಿಯೂ ಬಿದ್ದಿವೆ. ಸವದತ್ತಿಯ ಯಲ್ಲಮ್ಮನ ಜಾತ್ರೆಯಲ್ಲಿ ಮನೆಯವರ ಅಂಗಡಿಯಲ್ಲಿ ಕುಳಿತು ಚಿಲ್ಲರೆ ಕೊಡುವ ಹುಡುಗಿ, ಅದೇ ಕಳೆಯುವ ಲೆಕ್ಕವನ್ನು ಕಾಗದದ ಮೇಲೆ ತಪ್ಪುವಳೋ? ಬೈಲಹೊಂಗಲದ ಹತ್ತಿ ಪೇಟೆಯ ತೂಕ, ರಾಮದುರ್ಗದ ಮಗ್ಗದ ಎಳೆಗಳ ಎಣಿಕೆ, ಕಿತ್ತೂರಿನ ಸಂತೆಯ ಕೊಡುಕೊಳ್ಳುವಿಕೆ ಇವು ತರಗತಿಯ ಭಾಗಾಕಾರಕ್ಕೆ ಆಸರೆಯಾಗಬಲ್ಲವೋ? ಇವನ್ನು ಕೇಳಲು ತಕ್ಕವರು ನಾಳೆ ಮಾಸ್ತರರಾಗತಕ್ಕ ನಮ್ಮ ಪದವಿ ವಿದ್ಯಾರ್ಥಿಗಳೇ. ಮಕ್ಕಳ ಮಾತೂ ಓಣಿಯೂ ಅವರಿಗೆ ಗೊತ್ತು.

ಆದರೆ ಕೇಳುವುದಕ್ಕೂ ಕ್ರಮವಿದೆ. ಹೊಲ ಹರಗದೆ ಕೂರಿಗೆ ಹೂಡುವ ಒಕ್ಕಲಿಗನಿಲ್ಲ. ಯೋಜನೆಯಿಲ್ಲದೆ ಅಂಕಿಗಳನ್ನು ಕೂಡಿಹಾಕುವ ಪದವೀಧರರು ಮಾತ್ರ ಬೇಕಾದಷ್ಟಿದ್ದಾರೆ. ಪ್ರಶ್ನೆಯನ್ನು ಚಿಕ್ಕದಾಗಿಸಬೇಕು, ಹಿಂದಿನವರು ಕಂಡುದನ್ನು ಓದಬೇಕು, ಯಾವ ಮಕ್ಕಳು, ಎಷ್ಟು ಜನ, ಹೇಗೆ ಆರಿಸಿದವರು ಎಂಬುದನ್ನು ಮೊದಲೇ ಗೊತ್ತುಮಾಡಬೇಕು. ಅರ್ಧ ಮಕ್ಕಳಿಗೆ ಬಾಯಿಲೆಕ್ಕ ಮೊದಲು, ಉಳಿದರ್ಧಕ್ಕೆ ಬರೆಹದ ಲೆಕ್ಕ ಮೊದಲು ಕೊಡದಿದ್ದರೆ, ಕಂಡ ಭೇದವು ರೀತಿಯದೋ ರೂಢಿಯದೋ ತಿಳಿಯದು. ಉತ್ತರದಷ್ಟೇ ಅದನ್ನು ಮಾಡಿದ ಬಗೆಯನ್ನೂ ಬರೆದಿಡಬೇಕು. ಪಾಲಕರ ಒಪ್ಪಿಗೆಯೂ ಮಕ್ಕಳ ಹೆಸರಿನ ಗೋಪ್ಯವೂ ಅವಶ್ಯ.

ಇದೆಲ್ಲ ಡಾಕ್ಟರೇಟ್ ಮಾಡುವವರ ಕೆಲಸವೆಂದು ಕೆಲವರು ಆಕ್ಷೇಪಿಸಬಹುದು. ಒಬ್ಬ ವಿದ್ಯಾರ್ಥಿಯ ಇಪ್ಪತ್ತು ಮಕ್ಕಳ ಪರೀಕ್ಷೆಯಿಂದ ದೊಡ್ಡ ಸಿದ್ಧಾಂತ ಹೊರಡದೆಂಬುದು ನಿಜ. ಆದರೆ ನಾಲ್ಕೂ ಊರುಗಳ ಕಾಲೇಜುಗಳು ಒಂದೇ ಪ್ರಶ್ನೆಯನ್ನು ಒಂದೇ ಕ್ರಮದಿಂದ ಹಿಡಿದರೆ ಫಲಗಳನ್ನು ಹೋಲಿಸಿ ನೋಡಬಹುದು.

ರಾಜ್ಯ ಸರಕಾರವು 2024–25ರಿಂದ ಪದವಿಯನ್ನು ಮರಳಿ ಮೂರು ವರ್ಷಕ್ಕೆ ತಂದುದರಿಂದ, ನಾಲ್ಕನೆಯ ವರ್ಷದಲ್ಲಿ ಸಂಶೋಧನೆಗಿದ್ದ ಅವಕಾಶವು ತಪ್ಪಿತು. ಆ ನಿರ್ಣಯದ ಗುಣದೋಷವೇನೇ ಇರಲಿ, ಕಲಿಕೆಯು ತಪ್ಪಬಾರದು. 2010ರಲ್ಲಿ ಸ್ಥಾಪಿತವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಮೂರನೆಯ ವರ್ಷದಲ್ಲಿಯೇ ಇದಕ್ಕೆ ಕೆಲವು ತಾಸುಗಳನ್ನು ಮೀಸಲಿಡಲಿ. ಶಿಕ್ಷಣಾಧಿಕಾರಿಗಳು ಸಾಲೆಗಳ ಬಾಗಿಲು ತೆರೆಯಲಿ. ಇದಕ್ಕೆ ಬೇಕಾದ ವೆಚ್ಚವು ಕಾಗದದ್ದು, ಮಾಸ್ತರರ ವೇಳೆಯದು. ಮಾಡದಿದ್ದರೆ ಆಗುವ ಹಾನಿಯನ್ನು ನಮ್ಮ ಮಕ್ಕಳು ಪ್ರತಿವರ್ಷ ತೆರುತ್ತಲೇ ಇದ್ದಾರೆ.