ಅಲಂಕಾರದ ಭಾರವನ್ನು ಹೊರುವವರಾರು?

ಜಾಲಪುಟವು ಕಣ್ಣಿಗೆ ಒಂದೇ ವಸ್ತುವಾಗಿ ತೋರಿದರೂ ಸಾಮಾನ್ಯವಾಗಿ ಅದು ಹಲವು ಕಡತಗಳ ಕೂಟ. ವಿಷಯವನ್ನು ಹೊತ್ತು ತರುವುದು ಎಚ್‌ಟಿಎಂಎಲ್. ಬಣ್ಣ, ಅಕ್ಷರ, ವಿನ್ಯಾಸಗಳನ್ನು ನಿಶ್ಚಯಿಸುವುದು ಸಿಎಸ್‌ಎಸ್. ಪುಟಕ್ಕೆ ಚಲನೆ ಕೊಡುವುದು ಜಾವಾಸ್ಕ್ರಿಪ್ಟ್. ಸಿಎಸ್‌ಎಸ್‌ನ ಕಲ್ಪನೆಯನ್ನು ಹೋಕನ್ ವಿಯಂ ಲೀ 1994ರಲ್ಲಿ ಮುಂದಿಟ್ಟರು. ಜಾವಾಸ್ಕ್ರಿಪ್ಟನ್ನು ಬ್ರೆಂಡನ್ ಐಕ್ 1995ರಲ್ಲಿ ರಚಿಸಿದರು. ವಿಷಯಕ್ಕೆ ನೆರವಾಗಲೆಂದು ಬಂದ ಇವೆರಡು ಇಂದು ಅನೇಕ ತಾಣಗಳಲ್ಲಿ ವಿಷಯಕ್ಕಿಂತ ಹಲವು ಪಟ್ಟು ಭಾರವಾಗಿವೆ. ಇದು ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಭೌತವಿಜ್ಞಾನದ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಲಿ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಸರ್ವರು 10,000 ಕಿಲೋಮೀಟರು ದೂರದಲ್ಲಿದ್ದರೆ, ಒಮ್ಮೆ ಕೇಳಿ ಉತ್ತರ ಪಡೆಯಲು ಸೆಕೆಂಡಿನ ಹತ್ತನೆಯ ಒಂದು ಭಾಗವಾದರೂ ಬೇಕು. ಪುಟವನ್ನು ತಂದು, ಅದು ಹೆಸರಿಸಿದ ಸಿಎಸ್‌ಎಸ್ ಕಡತವನ್ನು ತಂದು, ಆ ಕಡತ ಹೆಸರಿಸಿದ ಮತ್ತೊಂದನ್ನು ತರುವ ಸರಪಳಿ ಬೆಳೆದಂತೆಲ್ಲ ಈ ಕಾಲವೂ ಬೆಳೆಯುತ್ತದೆ. ಸಿಎಸ್‌ಎಸ್ ಬರುವ ತನಕ ಬ್ರೌಸರು ಸಾಮಾನ್ಯವಾಗಿ ಪುಟವನ್ನು ತೋರಿಸದು. ನಡುವೆ ಸಾಧಾರಣ ಸ್ಕ್ರಿಪ್ಟ್ ಎದುರಾದರೆ ಅದನ್ನು ತಂದು ನಡೆಸುವವರೆಗೆ ಪುಟದ ರಚನೆ ಮುಂದುವರಿಯದು.

ಸಂಪರ್ಕ ಸುಧಾರಿಸಿದಂತೆ ಈ ತೊಡಕು ತಾನಾಗಿ ನೀಗುವುದೆಂದು ವಾದಿಸುವವರುಂಟು. ನಾಳ ಅಗಲವಾದರೆ ಹೆಚ್ಚು ನೀರು ಹರಿದೀತು. ಕೆರೆ ಊರಿಗೆ ಹತ್ತಿರವಾಗದು. ಕಡತಗಳ ಪ್ರತಿಗಳನ್ನು ಸಮೀಪದ ಸರ್ವರುಗಳಲ್ಲಿ ಇರಿಸಿ ದೂರವನ್ನು ತಗ್ಗಿಸಬಹುದು, ನಿಜ. ಆದರೆ ಬಂದ ಸ್ಕ್ರಿಪ್ಟನ್ನು ನಡೆಸುವ ದುಡಿಮೆ ಓದುಗನ ಫೋನಿನದೇ. ಅಗ್ಗದ ಫೋನು, ಎಣಿಸಿ ಕೊಂಡ ಡೇಟಾ ಉಳ್ಳವನೇ ಹೆಚ್ಚು ಕಾಯಬೇಕಾಗುತ್ತದೆ.

ಪರಿಹಾರಗಳು ಕಠಿನವೇನಲ್ಲ. ಬೇಕಾದಷ್ಟನ್ನೇ ಕಳುಹಿಸಬೇಕು; ಕಡತಗಳನ್ನು ಜಿಜಿಪ್ ಕ್ರಮದಿಂದ ಕುಗ್ಗಿಸಿ ಕಳುಹಿಸಬೇಕು; ಸ್ಕ್ರಿಪ್ಟಿಗೆ ‘ಡಿಫರ್’ ಎಂಬ ಗುರುತಿಟ್ಟರೆ ಪುಟದ ಓದು ಮುಗಿದ ಮೇಲೆಯೇ ಅದು ನಡೆಯುತ್ತದೆ. ಎಲ್ಲಕ್ಕಿಂತ ಸೊಗಸಾದುದು ಮತ್ತೊಂದು ಉಪಾಯ. ಕಡತದ ಒಳಬರಹದಿಂದ ಗಣಿಸಿದ ಸಂಕೇತವನ್ನು ಅದರ ಹೆಸರಿಗೇ ಸೇರಿಸಿ, ಅದನ್ನು 3,15,36,000 ಸೆಕೆಂಡು, ಎಂದರೆ ಒಂದು ವರ್ಷ, ಇರಿಸಿಕೊಳ್ಳಬಹುದೆಂದು ಬ್ರೌಸರಿಗೆ ತಿಳಿಸುವುದು. ಬರಹ ಬದಲಾದರೆ ಹೆಸರೂ ಬದಲಾಗುವುದರಿಂದ, ಹೊಸ ಹೆಸರನ್ನು ಸೂಚಿಸುವ ಪುಟವನ್ನು ಮಾತ್ರ ಆಗಾಗ ವಿಚಾರಿಸಿಕೊಂಡರೆ ಸಾಕು. ಒಮ್ಮೆ ತಂದುದನ್ನು ಮತ್ತೆ ತರುವ ಶ್ರಮ ಬಹುಮಟ್ಟಿಗೆ ತಪ್ಪುತ್ತದೆ.

ಪರೀಕ್ಷೆಯ ಫಲಿತಾಂಶವನ್ನು ತಿಳಿಯಬಯಸುವ ಹುಡುಗಿಗೆ ಬೇಕಾದುದು ನಾಲ್ಕಾರು ಅಂಕಿಗಳು. ಅಲಂಕಾರವು ದಾರಿಯಲ್ಲೇ ಉಳಿದರೂ ಆ ಅಂಕಿಗಳು ಅವಳನ್ನು ತಲುಪಬೇಕು. ನಾಳೆ ಜಾಲತಾಣಗಳನ್ನು ಕಟ್ಟುವವರು ಇಂದಿನ ವಿದ್ಯಾರ್ಥಿಗಳೇ. ತಾವು ರಚಿಸಿದ ಪುಟವನ್ನು ಅವರು ಒಮ್ಮೆ ಸ್ಕ್ರಿಪ್ಟ್ ಇಲ್ಲದೆ, ನಿಧಾನವಾದ ಸಂಪರ್ಕದಲ್ಲಿ ತೆರೆದು ನೋಡಲಿ. ಆಗಲೂ ಓದಲು ಬರುವಂತಿದ್ದರೆ ಅದು ಒಳ್ಳೆಯ ಕೆಲಸವೆಂದು ನಾವು ಒಪ್ಪುತ್ತೇವೆ.