ಇವತ್ತು ರಾತ್ರಿ ಸತ್ತರೆ ನಮ್ಮನ್ನು ಹೂಳುವುದೆಲ್ಲಿ?



ನಾವು ಡಿಗ್ರಿ ಓದಿದ ಮೂರು ವರ್ಷವೂ ನಮ್ಮ ಹಾಸ್ಟೆಲಿಗೆ ದೇವರು ಭಾನುವಾರ ಮಧ್ಯಾಹ್ನ ಬರುತ್ತಿದ್ದ. ಅನ್ನ ಸಾರು ಮುಗಿಸಿ, ಬಟ್ಟೆ ಒಗೆದು ಹಾಕಿ, ನಾವು ಮೆಟ್ಟಿಲ ಮೇಲೆ ಕೂತಿರುವ ಹೊತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಇಬ್ಬರು ಅಣ್ಣಂದಿರು ಗೇಟು ದಾಟಿ ಬರುತ್ತಿದ್ದರು. ಕೈಯಲ್ಲಿ ಜೇಬಿಗೆ ಹಿಡಿಸುವ ಹೊಸ ಒಡಂಬಡಿಕೆ. ಜೊತೆಗೊಂದು ಸಣ್ಣ ಪುಸ್ತಿಕೆ. 'ತಮ್ಮಾ' ಎಂದು ಕರೆದು ಹೆಗಲ ಮೇಲೆ ಕೈಯಿಡುತ್ತಿದ್ದರು.

ಸುಳ್ಳು ಯಾಕೆ ಹೇಳಬೇಕು? ಆ ಕೈ ನಮಗೆ ಹಿತವಾಗಿತ್ತು. ಮೂರು ವರ್ಷದಲ್ಲಿ ನಮ್ಮ ಮೇಷ್ಟರುಗಳ ಪೈಕಿ ಯಾರ ಕೈಯೂ ನಮ್ಮ ಹೆಗಲಿಗೆ ಬಂದಿರಲಿಲ್ಲ.

ಆಮೇಲೆ ಅವರ ಪ್ರಶ್ನೆ: 'ಇವತ್ತು ರಾತ್ರಿ ನೀನು ಸತ್ತರೆ ಎಲ್ಲಿಗೆ ಹೋಗ್ತೀಯ ತಮ್ಮಾ?'

ನಮ್ಮಲ್ಲೊಬ್ಬ ಹೇಳಿದ: 'ಎಲ್ಲಿಗೆ ಹೋಗ್ತೀನಿ ಅನ್ನೋದು ಆಮೇಲೆ ನೋಡಾನ ಅಣ್ಣಾ. ನನ್ನನ್ನ ಎಲ್ಲಿ ಹೂಳ್ತಾರೆ ಅಂತ ಮೊದಲು ಹೇಳಿ. ನಮ್ಮ ಕೇರಿಗೆ ಸ್ಮಶಾನ ಇಲ್ಲ. ನಮ್ಮಜ್ಜೀನ ಹಳ್ಳದ ದಡದಾಗೆ ಹೂತ್ವಿ. ಮಳೆ ಬಂದು ಹಳ್ಳ ಅವಳನ್ನ ತಗೊಂಡೋಯ್ತು.'

ಅಣ್ಣಂದಿರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಪುಸ್ತಿಕೆಯ ಮುಂದಿನ ಪುಟ ತಿರುವಿದರು.

ನಮ್ಮ ತಕರಾರು ಇರುವುದು ಆ ಪುಟ ತಿರುವಿದ್ದಕ್ಕೆ.

ನಾವು ಯೇಸುವಿನ ವೈರಿಗಳಲ್ಲ. ಬಡಗಿಯ ಮನೆಯ ಮಗ, ಬೆಸ್ತರ ಗೆಳೆಯ, ಊರು ಹೊರಗಿಟ್ಟ ಕುಷ್ಠರೋಗಿಯನ್ನು ಮುಟ್ಟಿದವನು. ಅವನ ಮೇಲೆ ನಮಗೇನು ಸಿಟ್ಟು? ಅಣ್ಣಂದಿರು ಕೊಟ್ಟ ಪುಸ್ತಕವನ್ನು ನಾವು ಓದಿದ್ದೇವೆ. ಲೂಕನ ನಾಲ್ಕನೇ ಅಧ್ಯಾಯದಲ್ಲಿ ಯೇಸು ತನ್ನೂರು ನಜರೇತಿನ ಸಭಾಮಂದಿರದಲ್ಲಿ ನಿಂತು ಯೆಶಾಯನ ಸುರುಳಿ ಬಿಚ್ಚುತ್ತಾನೆ. ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ಜಜ್ಜಿ ಹೋದವರಿಗೆ ವಿಮೋಚನೆ, ಇವು ಇವತ್ತೇ ಆಗಬೇಕಾದ ಕೆಲಸ ಎನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಊರಿನವರು ಅವನನ್ನು ಗುಡ್ಡದ ತುದಿಗೆ ಎಳೆದುಕೊಂಡು ಹೋಗಿ ತಳ್ಳಲು ನೋಡುತ್ತಾರೆ. ನಮ್ಮೂರಿನವರೂ ಅಷ್ಟೇ ಸ್ವಾಮಿ. ಆ ಪುಟ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ನಿಮ್ಮ ಪುಸ್ತಿಕೆಯಲ್ಲಿ ಅದು ಯಾಕಿಲ್ಲ?

ಪುಸ್ತಿಕೆ ಶುರುವಾಗುವುದು 'ನೀನು ಪಾಪಿ' ಎಂಬಲ್ಲಿಂದ. ಈ ಮಾತು ನಮಗೆ ಹೊಸದಲ್ಲ. ಹಿಂದಿನ ಜನ್ಮದ ಪಾಪಕ್ಕೆ ಹೊಲಗೇರಿಯಲ್ಲಿ ಹುಟ್ಟಿದಿರಿ ಎಂದು ಊರು ಹೇಳುತ್ತಲೇ ಬಂದಿದೆ. ಊರು ಹೇಳುವ ಪಾಪ ಹಿಂದಿನ ಜನ್ಮದ್ದು. ನೀವು ಹೇಳುವ ಪಾಪ ಆದಾಮನದ್ದು. ಎರಡರಲ್ಲೂ ಮಾಡಿದವನು ಬೇರೆ, ಹೊರುವವರು ನಾವು. ಕೆರೆಯ ನೀರು ಮುಟ್ಟಬೇಡ ಎಂದವನ ಪಾಪ ಯಾವ ಪುಟದಲ್ಲಿದೆ? ಅವನ ಮಕ್ಕಳಿಗೂ ಇದೇ ಪೇಟೆಯಲ್ಲಿ ಹಾಸ್ಟೆಲುಗಳಿವೆ. ಜಾತಿಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡ ಹಾಸ್ಟೆಲುಗಳು. ಯಾವ ಭಾನುವಾರ ಅಲ್ಲಿಗೆ ಹೋಗಿ 'ತಮ್ಮಾ, ನೀನು ಪಾಪಿ' ಅಂದಿದ್ದೀರಿ? ಗೂರ್ಖನಿಲ್ಲದ ಗೇಟಿಗೇ ನಿಮ್ಮ ಶುಭವಾರ್ತೆ ಯಾಕೆ ಬರುತ್ತದೆ?

ಇನ್ನು ಹೂಳುವ ವಿಷಯ. 'ನಮ್ಮಲ್ಲಿಗೆ ಬಾ, ನಮ್ಮಲ್ಲಿ ಜಾತಿಯಿಲ್ಲ' ಎನ್ನುತ್ತೀರಿ. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಿ ಗೋಡೆ ಕಟ್ಟಿದವರು ಯಾರು? 1606ರಲ್ಲಿ ಮಧುರೆಗೆ ಬಂದ ನೊಬಿಲಿ ಪಾದ್ರಿ ಬ್ರಾಹ್ಮಣ ಸನ್ಯಾಸಿಯ ವೇಷ ತೊಟ್ಟು, ಜಾತಿಯನ್ನು ಜಾತಿಯಾಗಿಯೇ ಇಟ್ಟುಕೊಂಡು ಕ್ರಿಸ್ತನನ್ನು ಒಳಗೆ ಕರೆದ. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಬಾಮಣ, ಚಾರೋಡಿ, ಸುದಿರ ಎಂಬ ಪಂಗಡಗಳು ಶಿಲುಬೆಯ ನೆರಳಲ್ಲೇ ಶತಮಾನಗಳನ್ನು ಕಳೆದವು. 2016ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿಯೇ ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಬರೆದು ಒಪ್ಪಿಕೊಂಡಿತು. ಈ ದೇಶದ ದಲಿತನೊಬ್ಬ ಮೊದಲ ಬಾರಿಗೆ ಕಾರ್ಡಿನಲ್ ಆದದ್ದು 2022ರಲ್ಲಿ. ಅಣ್ಣಂದಿರೇ, ಈ ಪಾಪವನ್ನು ಮೊದಲು ಒಪ್ಪಿಕೊಂಡು ಆಮೇಲೆ ನಮ್ಮ ಪಾಪ ಎಣಿಸಿ.

ಹಾಗೆಂದು ಉಂಡ ಮನೆಯ ಜಂತೆ ಎಣಿಸುವವರು ನಾವಲ್ಲ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಒಬ್ಬನಿಗೋಸ್ಕರ ಇಷ್ಟು ಜನರ ಮನಸ್ಸು ನೋಯಿಸಲಾಗದು ಎಂದು ಮುಂಬಯಿ ಸರ್ಕಾರ ಕೈಚೆಲ್ಲಿತು. ಸರ್ಕಾರವೇ ಬಾಗಿಲು ಹಾಕಿದ ಆ ಕಾಲದಲ್ಲಿ ಎಷ್ಟೋ ಕಡೆ ನಮ್ಮವರ ಕೈಗೆ ಸ್ಲೇಟು ಕೊಟ್ಟದ್ದು ಮಿಷನ್ ಶಾಲೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಒಂದು ಮಾತು ತಿಳಿದಿತ್ತು: ಜಾತಿ ಬಿಟ್ಟು ಬಂದವನಿಗೆ ಮಾರನೆಯ ದಿನವೂ ಹೊಟ್ಟೆ ಹಸಿಯುತ್ತದೆ. ಮಗ್ಗ ಹಾಕಿದರು, ಅಚ್ಚುಕೂಟ ನಡೆಸಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಲ್ಲೂ ಯಜಮಾನಿಕೆ ಇತ್ತು, ಕೂಲಿಯ ಬೆವರಿತ್ತು. ಆದರೂ ಅವರ ಶುಭವಾರ್ತೆಗೆ ಮಾರನೆಯ ದಿನದ ಯೋಚನೆ ಇತ್ತು. ನಿಮ್ಮದಕ್ಕೆ ಮುಂದಿನ ಭಾನುವಾರದ ಯೋಚನೆಯೂ ಇಲ್ಲ. ಅದು ಹೇಗೆ ಗೊತ್ತೆಂದು ಹೇಳುತ್ತೇವೆ, ಕೇಳಿ.

ನಮ್ಮ ರೂಮಿನಲ್ಲೇ ಒಬ್ಬ ಹುಡುಗನಿದ್ದ. ಅವನಿಗೆ ಯೇಸುವಿನ ಮೇಲೆ ನಿಜವಾಗಿಯೂ ಪ್ರೀತಿ ಹುಟ್ಟಿತ್ತು. ರಾತ್ರಿ ಕಂಬಳಿ ಹೊದ್ದು ಮೊಬೈಲಿನ ಬೆಳಕಲ್ಲಿ ಓದುತ್ತಿದ್ದ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಪ್ರಾರ್ಥನೆಯಲ್ಲಿ ಇನ್ನೊಂದು ಹೆಸರು. ಒಂದು ಸಂಜೆ ಹೆಗಲಿಗೆ ಶಾಲು ಹಾಕಿಕೊಂಡ ಗುಂಪು ಬಂತು. ಅವನ ಟ್ರಂಕು ಒಡೆದು, ಪುಸ್ತಕ ಎತ್ತಿ ಅಂಗಳಕ್ಕೆ ಎಸೆದರು. ವಾರ್ಡನ್ ಬಂದು ಕೇಳಿದ್ದು ಒಂದೇ: 'ನಿಂಗೆ ಜಾತಿ ಸರ್ಟಿಫಿಕೇಟ್ ಬೇಕೋ, ಬ್ಯಾಡ್ವೋ?' ಆ ಭಾನುವಾರ ಅಣ್ಣಂದಿರು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಶಿಲುಬೆಯ ಕತೆ ಹೇಳಿದವರು ಅವರು, ಹೊತ್ತವನು ಅವನೊಬ್ಬನೇ.

ಮತ್ತೆ ನಾವು? ನಾವು ಇಪ್ಪತ್ತು ಜನ ತಲೆ ತಗ್ಗಿಸಿ ಕೂತಿದ್ದೆವು. ಈ ಬರಹ ಆ ನಾಚಿಕೆಯಿಂದ ಹುಟ್ಟಿದ್ದು.

ಶಾಲಿನವರಿಗೆ ನಮ್ಮ ಪ್ರಶ್ನೆ ಚಿಕ್ಕದು. ನಮ್ಮಜ್ಜಿಯ ಹೆಣ ಹೊತ್ತು ನಾವು ಹಳ್ಳದ ದಡಕ್ಕೆ ನಡೆದಾಗ ನೀವೆಲ್ಲಿದ್ದಿರಿ? 'ಇವರು ನಮ್ಮವರು' ಎಂದು ಕೂಗಿಕೊಂಡು ಸ್ಮಶಾನದ ಬೇಲಿ ಕಿತ್ತು ದಾರಿ ಬಿಡಿಸಿದಿರಾ? ನಾವು ಬಿಟ್ಟು ಹೋಗುತ್ತೇವೆ ಅಂದಾಗ ಮಾತ್ರ ನಿಮಗೆ ನಾವು ನಮ್ಮವರು. ಇದ್ದಾಗ ಹೊರಗಿನವರು. ಕೊಟ್ಟಿಗೆಯ ದನಕ್ಕೂ ಇದಕ್ಕಿಂತ ಮರ್ಯಾದೆಯಿದೆ. ಹಗ್ಗ ಬಿಚ್ಚಿಕೊಂಡ ಮೇಲೆ ಹುಡುಕಿದರೂ, ಕಟ್ಟಿದ್ದಾಗ ಅದಕ್ಕೆ ಹುಲ್ಲನ್ನಾದರೂ ಹಾಕುತ್ತಾರೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತ ಚರ್ಚುಗಳ ಮೇಲೆ, ಪ್ರಾರ್ಥನಾ ಮಂದಿರಗಳ ಮೇಲೆ ಬಿದ್ದ ಕೈಗಳು ಕೇರಿಯ ಒಂದು ಬಾವಿಯನ್ನಾದರೂ ತೋಡಿದ್ದುಂಟೆ?

ಕಾಲೇಜಿನೊಳಗೆ ಬಾಯಿ ಮುಚ್ಚಿಸುವುದು ಅಂದರೇನೆಂದು ನಮ್ಮ ಹಿರಿಯರು ಕಂಡಿದ್ದಾರೆ. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದರು. ಅಷ್ಟಕ್ಕೇ ಕಾಲೇಜುಗಳು ಹೊತ್ತಿ ಉರಿದವು. ದಲಿತ ಹುಡುಗರು ಏಟು ತಿಂದರು. ಅವರ ಮಂತ್ರಿಗಿರಿ ಹೋಯಿತು. ನಮ್ಮ ಚಳವಳಿ ಬಲಿತದ್ದು ಆ ಏಟಿನಿಂದ. ಆದ್ದರಿಂದ ಅಣ್ಣಂದಿರ ಮೇಲೆ ನಮಗೆ ಎಷ್ಟೇ ತಕರಾರಿದ್ದರೂ, ಅವರ ಬಾಯಿಗೆ ಬಟ್ಟೆ ತುರುಕುವವರ ಜೊತೆ ನಾವು ನಿಲ್ಲುವುದಿಲ್ಲ. ಹೇಳುವ ಹಕ್ಕು ಅವರದು. ಕೇಳುವ ಹಕ್ಕು, ಕೇಳಿ ತಿರುಗಿ ಕೇಳುವ ಹಕ್ಕು ನಮ್ಮದು.

ಈ ನಮ್ಮ ಹಕ್ಕನ್ನು ಸರ್ಕಾರ ಹೇಗೆ ಕಂಡಿದೆ ನೋಡಿ. 1977ರಲ್ಲಿ ಸುಪ್ರೀಂ ಕೋರ್ಟು, ಧರ್ಮ ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಿತು. ಇರಲಿ. ತಾನೇ ಯೋಚಿಸಿ ಬದಲಾಗುವವನ ಹಕ್ಕು? 2022ರಲ್ಲಿ ನಮ್ಮ ರಾಜ್ಯ ಮಾಡಿದ ಮತಾಂತರ ಕಾಯ್ದೆ, ಬದಲಾಗುವವನು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಆಮೇಲೆ ಅದನ್ನು ನೋಟೀಸು ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯಬೇಕು ಎಂದಿತು. ಅಂದರೆ ನಮ್ಮ ಎದೆಯೊಳಗಿನದಕ್ಕೆ ಊರಗೌಡನ ತಕರಾರು! ಅಕ್ರಮವಾಗಿ ಮತಾಂತರ ಮಾಡಿಸಿದವನಿಗೆ 3ರಿಂದ 5 ವರ್ಷ ಜೈಲು. ಆದರೆ ಬದಲಾದವರು ಅಪ್ರಾಪ್ತರು, ಬುದ್ಧಿ ಸ್ವಾಧೀನವಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು ಆದರೆ 3ರಿಂದ 10 ವರ್ಷ. ಆ ಸಾಲನ್ನು ಇನ್ನೊಮ್ಮೆ ಓದಿ. ಮಕ್ಕಳು, ಮತಿಹೀನರು, ಹೆಂಗಸರು, ನಾವು. ಓಟಿನ ದಿನ ನಮಗೆ ಬುದ್ಧಿಯಿದೆ, ದೇವರ ವಿಷಯಕ್ಕೆ ಇಲ್ಲ. 2023ರ ಜೂನ್‌ನಲ್ಲಿ ಹೊಸ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಕಾಯ್ದೆ ಹೋದರೂ ಆ ಸಾಲು ಬರೆದ ಮನಸ್ಸು ಹೋಗಬೇಕಲ್ಲ?

ಇದಕ್ಕಿಂತ ಹಳೆಯ ಬೀಗ ಇನ್ನೊಂದಿದೆ. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ಬಿಟ್ಟರು. ಕ್ರೈಸ್ತರಿಗೆ, ಮುಸ್ಲಿಮರಿಗೆ ಬಾಗಿಲು ಹಾಕಿಯೇ ಇಟ್ಟರು. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬಾತನಿಗೆ, ಚಮ್ಮಾರರಿಗೆಂದು ಸರ್ಕಾರ ಹಂಚಿದ ಗೂಡಂಗಡಿ ಸಿಗಲಿಲ್ಲ. ಕ್ರೈಸ್ತನಾಗಿದ್ದನಲ್ಲ! 1985ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತ. ಕೈಯಲ್ಲಿದ್ದ ಉಳಿ ಅದೇ, ಕೂತಿದ್ದ ನೆಲ ಅದೇ. ಆ ಪ್ಯಾರಾ ತೆಗೆಯಿರಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತು. 2022ರಲ್ಲಿ ಕೇಂದ್ರ ಮತ್ತೊಂದು ಆಯೋಗ ನೇಮಿಸಿತು. ನಮ್ಮ ಹುಡುಗ ದೀಕ್ಷಾಸ್ನಾನದ ನೀರಿನಿಂದ ಎದ್ದರೆ ಊರಿನವರ ಕಣ್ಣಿಗೆ ಹೊಲೆಯನೇ. ತಹಸೀಲ್ದಾರರ ಕಡತದಲ್ಲಿ ಮಾತ್ರ ಅಲ್ಲ. ಪರಿಶಿಷ್ಟರ ವಿದ್ಯಾರ್ಥಿವೇತನ ಹೋಯಿತು, ದೌರ್ಜನ್ಯ ತಡೆ ಕಾಯ್ದೆಯ ಆಸರೆ ಹೋಯಿತು.

ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕೆಂದು ಯೇಸುವೇ ಹೇಳಿದ್ದಾನೆ. ಅಣ್ಣಂದಿರೇ, ಈ ಲೆಕ್ಕ ನಿಮ್ಮ ಪುಸ್ತಿಕೆಯ ಯಾವ ಪುಟದಲ್ಲಿದೆ?

ಕೊನೆಗೆ ನಮ್ಮ ಹುಡುಗ ಹುಡುಗಿಯರಿಗೆ ಎರಡು ಮಾತು. ಹಿಂದೂವಾಗಿ ಸಾಯುವುದಿಲ್ಲ ಎಂದು ಬಾಬಾಸಾಹೇಬರು ಯೇವಲೆಯಲ್ಲಿ ಹೇಳಿದ್ದು 1935ರಲ್ಲಿ. ಎಲ್ಲ ಧರ್ಮದವರೂ ಅವರ ಬಾಗಿಲಿಗೆ ಬಂದರು. ಅವರು ಎಲ್ಲರ ಮಾತು ಕೇಳಿದರು, ಎಲ್ಲವನ್ನೂ ಓದಿದರು, ಎಲ್ಲವನ್ನೂ ಪ್ರಶ್ನಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಹೆಜ್ಜೆ ಎತ್ತಿಟ್ಟರು. 21 ವರ್ಷ! ಒಂದು ಭಾನುವಾರ ಮಧ್ಯಾಹ್ನದಲ್ಲಿ ತೀರುವ ವಿಷಯ ಇದಲ್ಲ. ಕಾಸಿಗೂ ಅಲ್ಲ, ಹೆದರಿಕೆಗೂ ಅಲ್ಲ. ಓದಿ, ಜಗಳವಾಡಿ ತೀರ್ಮಾನಿಸಿ. ಏಸುವಾದರೂ ಸರಿ, ಬುದ್ಧನಾದರೂ ಸರಿ, ಯಾವ ದೇವರೂ ಬೇಡವೆಂದರೂ ಸರಿ. ತೀರ್ಮಾನ ನಿಮ್ಮದಾಗಿರಲಿ. ನಿಮ್ಮ ರೂಮಿನ ಹುಡುಗನ ಟ್ರಂಕು ಒಡೆಯಲು ಯಾರಾದರೂ ಬಂದರೆ, ಅವನ ದೇವರು ನಿಮ್ಮ ದೇವರಲ್ಲದಿದ್ದರೂ, ಎದ್ದು ಬಾಗಿಲಿಗೆ ಅಡ್ಡ ನಿಲ್ಲಿ. ನಾವು ನಿಲ್ಲಲಿಲ್ಲ.

ಅಣ್ಣಂದಿರೇ, ನೀವೂ ಬನ್ನಿ. ಗೇಟು ತೆರೆದಿದೆ. ಪುಸ್ತಿಕೆ ಜೇಬಿನಲ್ಲೇ ಇರಲಿ. ಮೊದಲು ನಮ್ಮ ಜೊತೆ ತಾಲ್ಲೂಕು ಕಚೇರಿಗೆ ನಡೆಯಿರಿ. ಕೇರಿಯ ಹೆಣಕ್ಕೆ ಮೂರು ಮೊಳ ನೆಲ ಕೇಳುವ ಅರ್ಜಿಯಿದೆ, ಅದಕ್ಕೊಂದು ರುಜು ಹಾಕಿ. ಸತ್ತ ಮೇಲೆ ಎಲ್ಲಿಗೆ ಎಂಬ ಮಾತನ್ನು ದಾರಿಯಲ್ಲಿ ಆಡೋಣ.